ಪ್ರೆಟಿ ಪಾಲಿ: ಒಂದು ಓಟದ ಕುದುರೆಯ ಚರಿತ್ರೆ ಮತ್ತು ತಾಯಿವಂಶದ ದಾಖಲೆ

ಪ್ರಾಣಿಗಳ ವಂಶಾವಳಿಯನ್ನು ಮನುಷ್ಯನು ಬರೆದಿಟ್ಟುಕೊಂಡ ಚರಿತ್ರೆಯಲ್ಲಿ ಥರೋಬ್ರೆಡ್ ಎಂದು ಕರೆಯಲಾಗುವ ಓಟದ ಕುದುರೆಗೆ ವಿಶಿಷ್ಟವಾದ ಸ್ಥಾನವಿದೆ. ಭಾರತೀಯ ಅಶ್ವಶಾಸ್ತ್ರದ ಪರಂಪರೆ ಕುದುರೆಯ ಯೋಗ್ಯತೆಯನ್ನು ಬಹುಮಟ್ಟಿಗೆ ಅದರ ಮೈಮೇಲೆಯೇ ಓದುತ್ತದೆ. ಸುಳಿ, ಬಣ್ಣ, ಗೊರಸು, ದನಿ, ನಡಿಗೆ ಇವೇ ಅಲ್ಲಿನ ಲಕ್ಷಣಗಳು. ಇಂಗ್ಲೆಂಡಿನ ಓಟದ ಕುದುರೆಯ ಪರಂಪರೆ ಇದಕ್ಕೆ ಭಿನ್ನವಾಗಿ ಕುದುರೆಯನ್ನು ಅದರ ಹಿಂದಿನವರ ಹೆಸರುಗಳಲ್ಲಿ ಓದುತ್ತದೆ. 1791ರಲ್ಲಿ ಜೇಮ್ಸ್ ವೆದರ್ಬಿಯು ‘ಜನರಲ್ ಸ್ಟಡ್ ಬುಕ್’ ಎಂಬ ವಂಶಗ್ರಂಥದ ಪೀಠಿಕಾ ಸಂಪುಟವನ್ನು ಲಂಡನ್ನಿನಲ್ಲಿ ಹೊರತಂದನು. ಅಲ್ಲಿಂದ ಮುಂದೆ ಈ ಗ್ರಂಥದಲ್ಲಿ ಹೆಸರು ಕಂಡ ತಂದೆತಾಯಿಗಳಿಗೆ ಹುಟ್ಟಿದ ಕುದುರೆಯೇ ಥರೋಬ್ರೆಡ್ ಎನಿಸಿತು. ಗ್ರಂಥವು ತಳಿಯನ್ನು ದಾಖಲಿಸಿತು ಎನ್ನುವುದಕ್ಕಿಂತ, ಯಾವುದು ತಳಿ ಎಂಬುದನ್ನು ಗ್ರಂಥವೇ ನಿರ್ಧರಿಸಿತು ಎನ್ನುವುದು ಹೆಚ್ಚು ಸರಿ.

ಈ ವಂಶಗ್ರಂಥದ ರಚನೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅದರಲ್ಲಿ ಮುಖ್ಯ ನಮೂದು ತಾಯಿ ಕುದುರೆಯದು. ಒಂದೊಂದು ತಾಯಿಯ ಹೆಸರಿನ ಕೆಳಗೆ ಅದು ವರ್ಷವರ್ಷ ಈದ ಮರಿಗಳನ್ನು, ಪ್ರತಿ ಮರಿಯ ತಂದೆಯ ಹೆಸರಿನೊಡನೆ, ಪಟ್ಟಿಮಾಡಲಾಗುತ್ತದೆ. ಇದಕ್ಕೆ ಪ್ರಾಯೋಗಿಕ ಕಾರಣವಿದೆ. ಗಂಡು ಕುದುರೆಗೆ ಒಂದೇ ವರ್ಷದಲ್ಲಿ ಹತ್ತಾರು ಮರಿಗಳಾಗಬಹುದು, ಹೆಣ್ಣಿಗೆ ಒಂದು. ತಾಯಿ ಯಾರೆಂಬುದು ಕಣ್ಣಿಗೆ ಕಂಡ ಸತ್ಯ, ತಂದೆ ಯಾರೆಂಬುದು ಲಾಯದವರು ಹೇಳಿದ ಮಾತು. ಅರಬ್ ಬೆದೂಯಿನ್ ಜನ ತಮ್ಮ ಕುದುರೆಗಳ ಬೆಡಗುಗಳನ್ನು ಬಾಯಿಮಾತಿನಲ್ಲಿಯೇ ತಾಯಿಯ ಕಡೆಯಿಂದ ಎಣಿಸುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ತುಳುನಾಡಿನಲ್ಲಿ ‘ಬಳಿ’ಯು ತಾಯಿಯಿಂದ ಮಕ್ಕಳಿಗೆ ಬರುವ ಕ್ರಮವನ್ನು ಬಲ್ಲವರಿಗೆ ಈ ಎಣಿಕೆ ಅಪರಿಚಿತವೆನಿಸದು. ಹೀಗಿದ್ದರೂ ಥರೋಬ್ರೆಡ್ ಚರಿತ್ರೆಯ ಜನಪ್ರಿಯ ಕಥನದಲ್ಲಿ ಮೂಲಪುರುಷರೆಂದು ಮೆರೆಯುವವು ಮೂರು ಗಂಡು ಕುದುರೆಗಳು: ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್ ಮತ್ತು ಗೊಡಾಲ್ಫಿನ್ ಅರೇಬಿಯನ್. ಗ್ರಂಥದ ಕಟ್ಟಡ ತಾಯಿಯದು, ಕೀರ್ತಿ ತಂದೆಯದು. ಈ ಬಿರುಕು ಎಷ್ಟು ಆಳವಾದುದು ಎಂಬುದನ್ನು ಒಂದೇ ಕುದುರೆಯ ಬಾಳಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಆ ಕುದುರೆ 1901ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ 1931ರಲ್ಲಿ ಅಳಿದ ಪ್ರೆಟಿ ಪಾಲಿ.

ಐರ್ಲೆಂಡಿನ ಕಿಲ್ಡೇರ್ ಪ್ರಾಂತದ ಕರ್ರಾ ಬಯಲು ಕುದುರೆಗಳಿಗೆ ಪ್ರಸಿದ್ಧವಾದುದು. ಅಲ್ಲಿನ ಐರ್‌ಫೀಲ್ಡ್ ಲಾಡ್ಜ್ ಎಂಬ ಕುದುರೆ ಫಾರಂ ಮೇಜರ್ ಯೂಸ್ಟೇಸ್ ಲೋಡರ್ ಎಂಬ ಸೇನಾಧಿಕಾರಿಗೆ ಸೇರಿತ್ತು. ಜನ ಅವನನ್ನು ‘ಅದೃಷ್ಟವಂತ ಮೇಜರ್’ ಎಂದು ಕರೆಯುತ್ತಿದ್ದರು. ಪ್ರೆಟಿ ಪಾಲಿ ಅಲ್ಲಿ ಹುಟ್ಟಿದ ಕೆಂಗಂದು ಬಣ್ಣದ ಹೆಣ್ಣುಮರಿ. ಅದರ ತಂದೆ ಗಾಲಿನ್ಯೂಲ್. ಉಸಿರಾಟದ ದೋಷವೂ ಓಡುವಾಗ ಮೂಗಿನಿಂದ ರಕ್ತ ಸುರಿಯುವ ದೋಷವೂ ಇದ್ದ ಈ ಗಂಡು ಕುದುರೆಯನ್ನು ಹೆನ್ರಿ ಗ್ರೀರ್ ಎಂಬಾತನು ಧೈರ್ಯಮಾಡಿ ಕೊಂಡು ಕರ್ರಾದಲ್ಲಿ ತಳಿಗೆ ಬಿಟ್ಟಿದ್ದನು. ತಾಯಿ ಅಡ್ಮಿರೇಷನ್. ಅದು ಓಟದಲ್ಲಿ ಹೆಸರು ಮಾಡಿದ್ದಲ್ಲ, ಐರ್ಲೆಂಡಿನ ಸಾಧಾರಣ ಪಂದ್ಯಗಳಲ್ಲಿ ಓಡಿ, ಬೇಲಿ ಹಾರುವ ಓಟಗಳಿಗೂ ಇಳಿದಿತ್ತು. ಅಂದರೆ ತಂದೆ ರೋಗಿಷ್ಠ, ತಾಯಿ ಸಾಮಾನ್ಯ. ಆ ಕಾಲದ ತಳಿಪಂಡಿತರು ಮುಂಗಂಡು ಹೇಳಬಹುದಾಗಿದ್ದ ಕೂಡಿಕೆ ಇದಲ್ಲ.

ಹೆಸರಿಡುವ ಪದ್ಧತಿಯೂ ಇಲ್ಲಿ ವಿವೇಚನೆಗೆ ಅರ್ಹವಾಗಿದೆ. ಪ್ರೆಟಿ ಪಾಲಿಯ ತಾಯಿ ಅಡ್ಮಿರೇಷನ್, ಅಂದರೆ ಮೆಚ್ಚುಗೆ. ಅದರ ತಾಯಿ ಗೇಜ್, ಅಂದರೆ ನೆಟ್ಟ ನೋಟ. ಗೇಜ್‌ನ ತಾಯಿ ಐ-ಪ್ಲೀಸರ್, ಅಂದರೆ ಕಣ್ಣಿಗೆ ಹಿತವಾದವಳು. ಕಣ್ಣಿಗೆ ಹಿತ, ಅದರಿಂದ ನೋಟ, ನೋಟದಿಂದ ಮೆಚ್ಚುಗೆ, ಕೊನೆಗೆ ‘ಚೆಲುವೆ ಪಾಲಿ’. ನಾಲ್ಕು ತಲೆಮಾರಿನ ಹೆಣ್ಣುಗಳನ್ನು ಒಂದೇ ಅರ್ಥದ ಎಳೆಯಲ್ಲಿ ಪೋಣಿಸಲಾಗಿದೆ. ತಂದೆಯ ಕಡೆಯೂ ಇದೇ ಜಾಣ್ಮೆ ಕಾಣುತ್ತದೆ. ಗಾಲಿನ್ಯೂಲ್‌ನ ತಾಯಿಯ ಹೆಸರು ಮೂರ್‌ಹೆನ್, ಎಂದರೆ ಒಂದು ಬಗೆಯ ನೀರುಕೋಳಿ. ಗಾಲಿನ್ಯೂಲ್ ಎಂಬುದು ಅದೇ ಹಕ್ಕಿಯ ಲ್ಯಾಟಿನ್ ಮೂಲದ ಹೆಸರು. ಮಗನಿಗೆ ತಾಯಿಯ ಹೆಸರನ್ನೇ ಬೇರೆ ಭಾಷೆಯಲ್ಲಿ ಇಡಲಾಗಿತ್ತು. ಮೌಖಿಕ ಪರಂಪರೆಯಲ್ಲಿ ವಂಶಾವಳಿಯನ್ನು ಬಾಯಿಪಾಠವಾಗಿ ಉಳಿಸಿಕೊಳ್ಳಲು ಪ್ರಾಸ, ಪುನರಾವೃತ್ತಿ, ಅರ್ಥಸರಪಣಿಗಳು ಹೇಗೆ ನೆರವಾಗುತ್ತವೆಯೋ ಹಾಗೆಯೇ ಇಲ್ಲಿಯೂ. ಲಾಯದ ಹುಡುಗ ವಂಶಗ್ರಂಥವನ್ನು ತೆರೆಯದೆಯೂ ತಾನು ಉಜ್ಜುವ ಕುದುರೆಯ ಅಜ್ಜಿಯನ್ನು ನೆನಪಿಡಬಹುದಿತ್ತು. ಪ್ರೆಟಿ ಪಾಲಿ ಎಂಬ ಮಾತು ಇಂಗ್ಲಿಷ್ ಜನಪದ ಲಾವಣಿಗಳಲ್ಲಿ ನಾಯಕಿಯ ಹೆಸರು, ಮನೆಯ ಗಿಳಿಯನ್ನು ಮುದ್ದಿಸುವ ಮಾತು ಕೂಡ. ಓಟದ ಬಯಲಿಗೆ ಬಂದ ಜನಸಾಮಾನ್ಯರಿಗೆ ಈ ಹೆಸರು ಮೊದಲೇ ಗೊತ್ತಿತ್ತು. ಅದರ ಮುಂದಿನ ಜನಪ್ರಿಯತೆಯಲ್ಲಿ ಇದಕ್ಕೂ ಒಂದು ಪಾಲು ಸಲ್ಲಬೇಕು.

ಲೋಡರನು ಈ ಮರಿಯನ್ನು ಇಂಗ್ಲೆಂಡಿನ ನ್ಯೂಮಾರ್ಕೆಟ್ ಪಟ್ಟಣದಲ್ಲಿದ್ದ ತರಬೇತುದಾರ ಪೀಟರ್ ಪರ್ಸೆಲ್ ಗಿಲ್ಪಿನ್‌ನ ಲಾಯಕ್ಕೆ ಕಳುಹಿಸಿದನು. 1903ರ ಜೂನ್ ತಿಂಗಳಲ್ಲಿ ಸ್ಯಾಂಡೌನ್ ಬಯಲಿನಲ್ಲಿ ಎರಡು ವರ್ಷದ ಮರಿಗಳ ಓಟವೊಂದರಲ್ಲಿ ಪ್ರೆಟಿ ಪಾಲಿ ಮೊದಲ ಬಾರಿಗೆ ಓಡಿತು. ಆ ದಿನದ ಘಟನೆ ದಾಖಲೆ ಮತ್ತು ಐತಿಹ್ಯಗಳ ಸಂಬಂಧವನ್ನು ಕುರಿತು ಯೋಚಿಸುವವರಿಗೆ ಒಳ್ಳೆಯ ನಿದರ್ಶನ. ತೀರ್ಪುಗಾರನ ಅಧಿಕೃತ ನಿರ್ಣಯದ ಪ್ರಕಾರ ಅದು ಹತ್ತು ‘ಲೆಂಗ್ತ್’ ಅಂತರದಿಂದ ಗೆದ್ದಿತು. ಒಂದು ಲೆಂಗ್ತ್ ಎಂದರೆ ಮೂತಿಯಿಂದ ಬಾಲದವರೆಗಿನ ಒಂದು ಕುದುರೆಯ ಉದ್ದ, ಸುಮಾರು ಎಂಟು ಅಡಿ. ಆದ್ದರಿಂದ ಹತ್ತು ಲೆಂಗ್ತ್ ಎಂದರೆ ಎಂಬತ್ತು ಅಡಿಯಾಯಿತು. ಆದರೆ ಓಟವನ್ನು ಕಂಡ ಜನ ಅಂತರ ನೂರು ಗಜದಷ್ಟಿತ್ತು ಎಂದರು. ನೂರು ಗಜವೆಂದರೆ ಮುನ್ನೂರು ಅಡಿ. ಸಾಮಾನ್ಯವಾಗಿ ಇಂತಹ ಸಂದರ್ಭದಲ್ಲಿ ಜನರ ಮಾತನ್ನು ಉತ್ಪ್ರೇಕ್ಷೆಯೆಂದು ಬದಿಗಿರಿಸಿ ಬರೆಹದ ದಾಖಲೆಯನ್ನು ಒಪ್ಪುವುದು ಇತಿಹಾಸಕಾರರ ರೂಢಿ. ಇಲ್ಲಿ ಮಾತ್ರ ಓಟದ ಕೊನೆಯ ಕ್ಷಣವನ್ನು ಹಿಡಿದ ಛಾಯಾಚಿತ್ರ ಉಳಿದುಬಂದಿತು, ಮತ್ತು ಅದು ಜನರ ಪರವಾಗಿಯೇ ಸಾಕ್ಷಿ ನುಡಿಯಿತು. ಗೆದ್ದ ಕುದುರೆ ಒಂದು ಕಡೆ, ಉಳಿದವೆಲ್ಲ ಬಹುದೂರದಲ್ಲಿ. ಹೀಗಿದ್ದೂ ವಂಶಾವಳಿಯ ಪುಸ್ತಕಗಳಲ್ಲಿ ಇಂದಿಗೂ ನಿಂತಿರುವುದು ‘ಹತ್ತು ಲೆಂಗ್ತ್’ ಎಂಬ ಮಾತೇ. ಅಧಿಕೃತ ದಾಖಲೆ ಎಂಬುದು ನಡೆದುದರ ಅಳತೆಯಲ್ಲ, ಅಳೆಯುವ ಅಧಿಕಾರ ಪಡೆದವನ ಹೇಳಿಕೆ ಎಂಬುದನ್ನು ಮೌಖಿಕ ಇತಿಹಾಸದ ಅಧ್ಯಯನಕಾರರು ಪದೇಪದೇ ಹೇಳುತ್ತ ಬಂದಿದ್ದಾರೆ. ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಅಪರೂಪ.

1903ರ ಆ ಒಂದು ಋತುವಿನಲ್ಲಿ ಪ್ರೆಟಿ ಪಾಲಿ ಒಂಬತ್ತು ಬಾರಿ ಓಡಿ ಒಂಬತ್ತು ಬಾರಿಯೂ ಗೆದ್ದಿತು. ಡಾಂಕಾಸ್ಟರಿನ ಷಾಂಪೇನ್ ಸ್ಟೇಕ್ಸ್, ನ್ಯೂಮಾರ್ಕೆಟಿನ ಚೀವ್ಲಿ ಪಾರ್ಕ್ ಸ್ಟೇಕ್ಸ್ ಮತ್ತು ಮಿಡ್ಲ್ ಪಾರ್ಕ್ ಸ್ಟೇಕ್ಸ್ ಅವುಗಳಲ್ಲಿ ಪ್ರಮುಖವಾದವು. ಕೊನೆಯ ಎರಡನ್ನು ಕೆಲವೇ ದಿನಗಳ ಅಂತರದಲ್ಲಿ ಗೆದ್ದುದು ವಿಶೇಷ.

ಮರುವರ್ಷ ಅದು ಹೆಣ್ಣುಕುದುರೆಗಳ ‘ತ್ರಿವಳಿ ಕಿರೀಟ’ ಎನ್ನಲಾಗುವ ಮೂರು ಪಂದ್ಯಗಳನ್ನೂ ತನ್ನದಾಗಿಸಿಕೊಂಡಿತು. ಅವು ನ್ಯೂಮಾರ್ಕೆಟಿನಲ್ಲಿ ಒಂದು ಮೈಲಿಯ ಒನ್ ಥೌಸಂಡ್ ಗಿನೀಸ್, ಎಪ್ಸಮ್ಮಿನಲ್ಲಿ ಒಂದೂವರೆ ಮೈಲಿಯ ಓಕ್ಸ್, ಡಾಂಕಾಸ್ಟರಿನಲ್ಲಿ ಒಂದೂಮುಕ್ಕಾಲು ಮೈಲಿಗಿಂತ ತುಸು ಹೆಚ್ಚು ದೂರದ ಸೇಂಟ್ ಲೆಜರ್. ಮೂರರಲ್ಲಿಯೂ ಸವಾರ ವಿಲಿಯಂ ಲೇನ್. ಓಕ್ಸ್ ಪಂದ್ಯಕ್ಕೆ ಎದುರಾಗಿ ನಿಲ್ಲಲು ಧೈರ್ಯಮಾಡಿದವು ಮೂರೇ ಕುದುರೆಗಳು. ಅಂದಿನ ಬಾಜಿಯ ದರ ನೂರಕ್ಕೆ ಎಂಟು. ನೂರು ಪೌಂಡು ಕಟ್ಟಿದವನಿಗೆ ಗೆದ್ದರೆ ದೊರೆಯುತ್ತಿದ್ದ ಲಾಭ ಎಂಟು ಪೌಂಡು ಮಾತ್ರ. ಪಂದ್ಯವೆಂಬ ಮಾತಿಗೇ ಅರ್ಥವುಳಿಯದ ಸ್ಥಿತಿಯಿದು. ಪ್ರೆಟಿ ಪಾಲಿಯ ಹೆಸರನ್ನು ಡರ್ಬಿ ಪಂದ್ಯಕ್ಕೆ ನೋಂದಾಯಿಸಿರಲಿಲ್ಲ. ಆ ವರ್ಷದ ಡರ್ಬಿಯನ್ನು ಸೇಂಟ್ ಅಮಾಂಟ್ ಎಂಬ ಗಂಡು ಕುದುರೆ ಗುಡುಗುಮಳೆಯ ನಡುವೆ ಗೆದ್ದಿತು. ಸೆಪ್ಟೆಂಬರಿನ ಸೇಂಟ್ ಲೆಜರ್‌ನಲ್ಲಿ ಅದೇ ಸೇಂಟ್ ಅಮಾಂಟ್ ಪ್ರೆಟಿ ಪಾಲಿಯ ಹಿಂದೆ ಉಳಿಯಿತು. ಎರಡು ದಿನ ಕಳೆದು ಪ್ರೆಟಿ ಪಾಲಿ ಅದೇ ಬಯಲಿನಲ್ಲಿ ಪಾರ್ಕ್ ಹಿಲ್ ಸ್ಟೇಕ್ಸನ್ನೂ ಗೆದ್ದಿತು. ಅಲ್ಲಿಗೆ ಹದಿನೈದು ಓಟ, ಹದಿನೈದು ಗೆಲುವು.

ಮನುಷ್ಯರ ವೀರಚರಿತೆಗಳಲ್ಲಿ ನಾಯಕನ ಜೊತೆಗೊಬ್ಬ ಸಂಗಾತಿ ಇರುವಂತೆ ಈ ಕುದುರೆಗೂ ಒಬ್ಬ ಸಂಗಾತಿಯಿತ್ತು. ಲಿಟಲ್ ಮಿಸಸ್ ಎಂಬ ಗಿಡ್ಡ ತಳಿಯ ಹೆಣ್ಣುಕುದುರೆಯದು. ಪ್ರೆಟಿ ಪಾಲಿ ಓಡಲು ಹೋದಲ್ಲೆಲ್ಲ ಲಿಟಲ್ ಮಿಸಸ್ ಕೂಡ ರೈಲು ಹತ್ತುತ್ತಿತ್ತು. ಉದ್ವೇಗದ ಸ್ವಭಾವದ ಓಟದ ಕುದುರೆಯನ್ನು ಶಾಂತವಾಗಿಡಲು ಇಂತಹ ಜೊತೆಗಾರ ಪ್ರಾಣಿಯನ್ನು ಇರಿಸುವುದು ಲಾಯದ ಹಳೆಯ ರೂಢಿ. ಜನಪ್ರಿಯ ಕಥನದಲ್ಲಿ ಅದು ‘ಗೆಳತಿ’ಯಾಯಿತು. ರಾಣಿಯಂತಹ ಓಟಗಾರ್ತಿ ಮತ್ತು ಅವಳನ್ನು ಬಿಟ್ಟಿರಲಾರದ ಹಳ್ಳಿಯ ಸಖಿ ಎಂಬ ಆಶಯ ಪತ್ರಿಕೆಗಳ ಮೂಲಕ ಹಬ್ಬಿತು.

1904ರ ಅಕ್ಟೋಬರ್ ಮೊದಲಲ್ಲಿ ಪ್ರೆಟಿ ಪಾಲಿಯನ್ನು ಕಡಲು ದಾಟಿಸಿ ಫ್ರಾನ್ಸಿಗೆ ಕೊಂಡೊಯ್ಯಲಾಯಿತು. ಪ್ಯಾರಿಸ್ಸಿನ ಲಾಂಗ್‌ಷಾನ್ ಬಯಲಿನಲ್ಲಿ ಪ್ರಿ ದ್ಯು ಕೊನ್ಸೈ ಮ್ಯುನಿಸಿಪಾಲ್ ಎಂಬ ಪಂದ್ಯವಿತ್ತು. ಲೇನ್ ಅಪಘಾತದಲ್ಲಿ ಗಾಯಗೊಂಡಿದ್ದುದರಿಂದ ಅಮೆರಿಕದ ಜಾಕಿ ಡ್ಯಾನಿ ಮೇಹರ್ ಸವಾರನಾದನು. ಹೆಚ್ಚಿನ ನಿರೀಕ್ಷೆಯೇ ಇಲ್ಲದಿದ್ದ ಪ್ರೆಸ್ಟೊ ಎಂಬ ಫ್ರೆಂಚ್ ಕುದುರೆ ಗೆದ್ದಿತು. ಪ್ರೆಟಿ ಪಾಲಿ ಎರಡನೆಯದಾಯಿತು. ಈ ಸೋಲನ್ನು ಕುರಿತ ಬರೆಹಗಳನ್ನು ಓದಿದರೆ ಸೋಲಿಗಿಂತಲೂ ಅದರ ವಿವರಣೆಗಳೇ ಹೆಚ್ಚು ಬೆಳೆದಿರುವುದು ಕಾಣುತ್ತದೆ. ಕಡಲು ಅಂದು ಕೆರಳಿತ್ತು, ಪ್ರಯಾಣದಲ್ಲಿ ಕುದುರೆ ಬಳಲಿತ್ತು, ನೆಲ ಕೆಸರಾಗಿತ್ತು ಎಂದು ಮುಂತಾಗಿ. ಇವುಗಳಲ್ಲಿ ನಿಜಾಂಶ ಇಲ್ಲವೆಂದಲ್ಲ. ಆದರೆ ಗೆದ್ದ ಹದಿನೈದು ಓಟಗಳಿಗೆ ಯಾರೂ ಕಾರಣ ಹುಡುಕಲಿಲ್ಲ, ಸೋತ ಒಂದಕ್ಕೆ ಇಷ್ಟೊಂದು ಕಾರಣಗಳು ಹುಟ್ಟಿದವು. ವೀರನು ನ್ಯಾಯವಾದ ಕಾಳಗದಲ್ಲಿ ಸೋಲಲಾರ, ಸೋತರೆ ಅಲ್ಲಿ ಮೋಸವೋ ಶಾಪವೋ ದೈವಕೋಪವೋ ಇದ್ದಿರಲೇಬೇಕೆಂಬ ವೀರಕಾವ್ಯಗಳ ತರ್ಕವೇ ಇಲ್ಲಿ ಕ್ರೀಡಾವರದಿಯ ವೇಷ ತೊಟ್ಟಿದೆ. ಕೆರಳಿದ ಕಡಲು ದೈವದ ಸ್ಥಾನದಲ್ಲಿ ನಿಂತಿದೆ.

ಫ್ರಾನ್ಸಿನಿಂದ ಮರಳಿದ ತಿಂಗಳಲ್ಲಿಯೇ ಅದು ನ್ಯೂಮಾರ್ಕೆಟಿನಲ್ಲಿ ಮತ್ತೆ ಗೆದ್ದಿತು. 1905ರಲ್ಲಿ ನಾಲ್ಕು ಬಾರಿ ಓಡಿ ನಾಲ್ಕನ್ನೂ ಗೆದ್ದಿತು. ಎಪ್ಸಮ್ಮಿನ ಕಾರೊನೇಷನ್ ಕಪ್, ನ್ಯೂಮಾರ್ಕೆಟಿನ ಚಾಂಪಿಯನ್ ಸ್ಟೇಕ್ಸ್ ಮತ್ತು ಎರಡೂಕಾಲು ಮೈಲಿಯ ಜಾಕಿ ಕ್ಲಬ್ ಕಪ್ ಅವುಗಳಲ್ಲಿ ಸೇರಿದ್ದವು. 1906ರ ಕಾರೊನೇಷನ್ ಕಪ್ ಕೂಡ ಅದಕ್ಕೇ ದಕ್ಕಿತು. ಅದೇ ವರ್ಷ ಲೋಡರನ ಇನ್ನೊಂದು ಕುದುರೆ ಸ್ಪಿಯರ್ಮಿಂಟ್ ಡರ್ಬಿಯನ್ನು ಗೆದ್ದಿತು. ಅದಕ್ಕೂ ಮುನ್ನ ಗಿಲ್ಪಿನ್‌ನ ಲಾಯದಲ್ಲಿ ಅದರ ಶಕ್ತಿಯನ್ನು ಅಳೆದದ್ದು ಪ್ರೆಟಿ ಪಾಲಿಯ ಪಕ್ಕದಲ್ಲಿ ಓಡಿಸಿ. ಐದು ವರ್ಷದ ಹೆಣ್ಣುಕುದುರೆಯೊಂದು ಆ ಲಾಯದ ಅಳತೆಗೋಲಾಗಿತ್ತು.

1906ರ ಜೂನ್ ತಿಂಗಳ ಆಸ್ಕಟ್ ಗೋಲ್ಡ್ ಕಪ್ ಅದರ ಕೊನೆಯ ಓಟ. ದೂರ ಎರಡೂವರೆ ಮೈಲಿ, ಅಷ್ಟು ದೂರವನ್ನು ಅದು ಪಂದ್ಯದಲ್ಲಿ ಎಂದೂ ಓಡಿರಲಿಲ್ಲ. ಈ ಸಲ ಬರ್ನಾರ್ಡ್ ಡಿಲನ್ ಅದರ ಬೆನ್ನ ಮೇಲಿದ್ದನು. ಮೇಹರ್ ಎದುರಾಳಿ ಬ್ಯಾಚೆಲರ್ಸ್ ಬಟನ್ ಕುದುರೆಯ ಸವಾರನಾಗಿದ್ದನು. ಬ್ಯಾಚೆಲರ್ಸ್ ಬಟನ್ ಗೆದ್ದಿತು. ರಾಜಪರಿವಾರ ಬರುವ, ಇಂಗ್ಲೆಂಡಿನ ಶ್ರೀಮಂತ ವರ್ಗವೆಲ್ಲ ನೆರೆಯುವ ಆ ಬಯಲು ಅಂದು ಮೂಕವಾಯಿತೆಂದು ವರ್ಣನೆಗಳಿವೆ. ಮತ್ತೆ ವಿವರಣೆಗಳು ಹುಟ್ಟಿದವು. ಬಿಸಿಲು ಹೆಚ್ಚಾಗಿತ್ತು, ಜನಜಂಗುಳಿಯಿಂದ ಕುದುರೆ ಕಳವಳಗೊಂಡಿತ್ತು, ಹೊಟ್ಟೆಯ ಮೇಲಿನ ನರುಲಿಯೊಂದನ್ನು ಕೆಲವೇ ದಿನಗಳ ಹಿಂದೆ ಕೊಯ್ಯಲಾಗಿತ್ತು, ಸವಾರನು ತಪ್ಪಾಗಿ ಓಡಿಸಿದನು. ಎರಡೂವರೆ ಮೈಲಿ ಅದರ ಶಕ್ತಿಗೆ ಮೀರಿದ್ದಿರಬಹುದು ಎಂಬ ಸರಳ ವಿವರಣೆ ಇವುಗಳ ನಡುವೆ ಮಸುಕಾಗಿ ಹೋಯಿತು. ಒಟ್ಟು ಇಪ್ಪತ್ತನಾಲ್ಕು ಓಟಗಳಲ್ಲಿ ಇಪ್ಪತ್ತೆರಡು ಗೆಲುವು, ಎರಡು ಎರಡನೆಯ ಸ್ಥಾನ. ಅದಕ್ಕಿಂತ ಎರಡು ವರ್ಷ ಹಿರಿಯದಾದ, 1902ರಲ್ಲಿ ನಾಲ್ಕು ಮಹಾಪಂದ್ಯಗಳನ್ನು ಒಂದೇ ವರ್ಷದಲ್ಲಿ ಗೆದ್ದ ಸೆಪ್ಟರ್ ಎಂಬ ಹೆಣ್ಣುಕುದುರೆಯೊಡನೆ ಅದು ಒಮ್ಮೆಯೂ ಓಡಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ವಾದ ಇಂಗ್ಲೆಂಡಿನ ಓಟಪ್ರಿಯರಲ್ಲಿ ಬಹುಕಾಲ ಬಗೆಹರಿಯದೆ ಉಳಿಯಲು ಇದೂ ಕಾರಣ.

ಓಟದ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ವಂಶದ ಚರಿತ್ರೆ ಆರಂಭವಾಗುತ್ತದೆ. ಇದನ್ನು ತಿಳಿಯಲು ತಾಯಿವಂಶಗಳಿಗೆ ಸಂಖ್ಯೆ ಕೊಟ್ಟ ಬಗೆಯನ್ನು ಮೊದಲು ಗಮನಿಸಬೇಕು. ಆಸ್ಟ್ರೇಲಿಯದ ಬ್ರೂಸ್ ಲೋ ಎಂಬಾತನು ವಂಶಗ್ರಂಥವನ್ನು ಹಿಮ್ಮುಖವಾಗಿ ಓದಿ, ಓಟದ ಕುದುರೆಗಳೆಲ್ಲವನ್ನೂ ಅವುಗಳ ತಾಯಿ, ಅಜ್ಜಿ, ಮುತ್ತಜ್ಜಿಯರ ಎಳೆ ಹಿಡಿದು ಮೂಲತಾಯಂದಿರವರೆಗೆ ಒಯ್ದನು. ಡರ್ಬಿ, ಓಕ್ಸ್, ಸೇಂಟ್ ಲೆಜರ್ ಗೆದ್ದವರು ಯಾವ ತಾಯಿಯ ಎಳೆಯಲ್ಲಿ ಹೆಚ್ಚೋ ಅದಕ್ಕೆ ಒಂದನೆಯ ಸಂಖ್ಯೆ, ಮುಂದಿನದಕ್ಕೆ ಎರಡು, ಹೀಗೆ 43 ಕುಟುಂಬಗಳು. ಆತನ ಮರಣಾನಂತರ 1895ರಲ್ಲಿ ಈ ಗ್ರಂಥ ಪ್ರಕಟವಾಯಿತು. ಕುಟುಂಬದ ಸಂಖ್ಯೆಯಿಂದಲೇ ಕುದುರೆಯ ಗುಣವನ್ನು ಊಹಿಸಬಹುದೆಂಬ ಆತನ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ಸುಳಿ ನೋಡಿ ಫಲ ಹೇಳುವುದಕ್ಕೂ ಸಂಖ್ಯೆ ನೋಡಿ ಫಲ ಹೇಳುವುದಕ್ಕೂ ತತ್ತ್ವತಃ ಹೆಚ್ಚಿನ ಅಂತರವಿಲ್ಲ. ಆದರೆ ತಾಯಿಯ ಎಳೆಗಳನ್ನು ಬೇರ್ಪಡಿಸಿ ತೋರಿಸಿದ ಶ್ರೇಯಸ್ಸು ಅವನದೇ.

ಆ ಮೂಲತಾಯಂದಿರ ಹೆಸರುಗಳನ್ನು ನೋಡಬೇಕು. ಮೊದಲ ಕುಟುಂಬದ ಮೂಲತಾಯಿ ‘ಟ್ರೆಗಾನ್ವೆಲ್‌ನ ಬಾರ್ಬ್ ಕುದುರೆ’, ಎರಡನೆಯದರದು ‘ಬರ್ಟನ್‌ನ ಬಾರ್ಬ್ ಕುದುರೆ’, ಮೂರನೆಯದರದು ‘ಎರಡು ಟ್ರೂ ಬ್ಲೂಗಳ ತಾಯಿ’. ಹದಿನಾಲ್ಕನೆಯದು ‘ಓಲ್ಡ್‌ಫೀಲ್ಡ್‌ನ ಕುದುರೆ’. ಇವು ಹೆಸರುಗಳಲ್ಲ. ಒಡೆಯನಿಂದಲೋ ಮಕ್ಕಳಿಂದಲೋ ಗುರುತು ಪಡೆದ ಹೆಣ್ಣುಗಳ ವಿವರಣೆಗಳು. ಡಾರ್ಲಿ, ಬಯರ್ಲಿ ಎಂಬವೂ ಒಡೆಯರ ಹೆಸರುಗಳೇ ಎಂಬುದನ್ನು ಮರೆಯಲಾಗದು. ಆದರೂ ಆ ಗಂಡು ಕುದುರೆಗಳ ಸುತ್ತ ಕಥೆ, ಚಿತ್ರ, ಐತಿಹ್ಯಗಳು ಬೆಳೆದವು. ತಾಯಂದಿರ ಸುತ್ತ ಏನೂ ಬೆಳೆಯಲಿಲ್ಲ. ಪ್ರೆಟಿ ಪಾಲಿ ಈ ಹೆಸರಿಲ್ಲದ ಓಲ್ಡ್‌ಫೀಲ್ಡ್ ತಾಯಿಯ ಹದಿನಾಲ್ಕನೆಯ ಕುಟುಂಬಕ್ಕೆ ಸೇರಿದುದು.

ಐರ್‌ಫೀಲ್ಡ್‌ಗೆ ಮರಳಿದ ಪ್ರೆಟಿ ಪಾಲಿಗೆ ಮೊದಮೊದಲು ಮರಿಗಳು ನಿಲ್ಲಲಿಲ್ಲ. ಅವಳಿ ಗರ್ಭವೊಂದು ಅಕಾಲದಲ್ಲಿ ಇಳಿಯಿತು. ಆಮೇಲೆ ಹುಟ್ಟಿದ ಗಂಡುಮರಿಗಳು ತಾಯಿಯ ಕೀರ್ತಿಗೆ ತಕ್ಕಂತೆ ಓಡಲಿಲ್ಲ. ಮಹಾ ಓಟಗಾರ್ತಿ ತಾಯಿಯಾಗಿ ಸೋತಳೆಂಬ ಮಾತು ಹಬ್ಬಿತು. ಆ ಕಾಲದ ದೃಷ್ಟಿಯಲ್ಲಿ ತಾಯಿಯ ಯಶಸ್ಸನ್ನು ಅಳೆಯುವುದು ಅದರ ಗಂಡುಮಕ್ಕಳ ಗೆಲುವಿನಿಂದ. 1914ರಲ್ಲಿ ಲೋಡರನು ತೀರಿಕೊಂಡನು, ಫಾರಂ ಅವನ ಸೋದರನ ಮಗ ಗೈಲ್ಸ್ ಲೋಡರ್‌ಗೆ ಬಂದಿತು. ಇಲ್ಲಿ ಒಂದು ಮಾತನ್ನು ಹೇಳಿ ಮುಂದುವರಿಯಬಹುದು. ಪ್ರೆಟಿ ಪಾಲಿಗೆ ವೆನರೇಷನ್ ಎಂಬ ಒಡಹುಟ್ಟು ಇತ್ತು. ಮೆಚ್ಚುಗೆಯ ಮಗಳಿಗೆ ‘ಪೂಜ್ಯಭಾವ’ವೆಂಬ ಹೆಸರು ಇಡಲಾಗಿತ್ತು. ಅದರ ಮಗ ಕ್ರೇಗನೂರ್. 1913ರ ಡರ್ಬಿಯಲ್ಲಿ ಮೊದಲು ಗುರಿಮುಟ್ಟಿದ ಈ ಕುದುರೆಯನ್ನು ಅನರ್ಹಗೊಳಿಸಿದ ಪಂದ್ಯಾಧಿಕಾರಿಗಳಲ್ಲಿ ಒಬ್ಬನು ಅದನ್ನು ಹುಟ್ಟಿಸಿ ಬೆಳೆಸಿದ ಯೂಸ್ಟೇಸ್ ಲೋಡರನೇ. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮಿಲಿ ಡೇವಿಸನ್ ರಾಜನ ಕುದುರೆಯ ಮುಂದೆ ನುಗ್ಗಿ ಪ್ರಾಣಾಂತಿಕವಾಗಿ ಗಾಯಗೊಂಡದ್ದು ಅದೇ ಓಟದಲ್ಲಿ.

ಪ್ರೆಟಿ ಪಾಲಿಯ ವಂಶ ಬೆಳೆದುದು ನಾಲ್ಕು ಹೆಣ್ಣುಮಕ್ಕಳಿಂದ. ಮಾಲಿ ಡೆಸ್ಮಂಡ್, ಡಚ್ ಮೇರಿ, ಪಾಲಿ ಫ್ಲಿಂಡರ್ಸ್, ಬೇಬಿ ಪಾಲಿ ಎಂದು ಅವುಗಳ ಹೆಸರು. ಪಾಲಿ ಫ್ಲಿಂಡರ್ಸ್ ಎಂಬುದು ಇಂಗ್ಲಿಷ್ ಶಿಶುಪ್ರಾಸವೊಂದರಲ್ಲಿ ಬರುವ ಹುಡುಗಿಯ ಹೆಸರು. ಬೇಬಿ ಪಾಲಿಯ ತಂದೆ ಹಿಂದೆ ಹೇಳಿದ ಸ್ಪಿಯರ್ಮಿಂಟ್. ಡೆಸ್ಮಂಡ್ ಎಂಬ ಗಂಡು ಕುದುರೆಗೆ ಹುಟ್ಟಿದ ಮಾಲಿ ಡೆಸ್ಮಂಡ್ 1916ರಲ್ಲಿ, ತಾಯಿ ಗೆದ್ದಿದ್ದ ಚೀವ್ಲಿ ಪಾರ್ಕ್ ಸ್ಟೇಕ್ಸನ್ನೇ ಗೆದ್ದಿತು. ಆದರೆ ಈ ಹೆಣ್ಣುಗಳ ಮಹತ್ವ ಓಟಕ್ಕಿಂತ ಅವುಗಳ ಸಂತತಿಯಲ್ಲಿದೆ. 20ನೆಯ ಶತಮಾನದ ಮಧ್ಯಭಾಗದಲ್ಲಿ ಬೊಬಿನ್ಸ್ಕಿಯು ವಂಶಪಟ್ಟಿಗಳನ್ನು ಪರಿಷ್ಕರಿಸುವ ವೇಳೆಗೆ ಹದಿನಾಲ್ಕನೆಯ ಕುಟುಂಬದಲ್ಲಿ ಪ್ರೆಟಿ ಪಾಲಿಯೇ ಪ್ರತ್ಯೇಕ ಶಾಖೆಯ ಮೂಲವಾಗಿತ್ತು. ಆ ಶಾಖೆಗೆ ‘14-ಸಿ’ ಎಂಬ ಸಂಕೇತ ಬಂದಿತು. ಹೆಸರಿಲ್ಲದ ತಾಯಿಯ ಕುಟುಂಬದಲ್ಲಿ ಹೆಸರುಳ್ಳ ತಾಯಿಯೊಂದು ಹೀಗೆ ಎರಡನೆಯ ಮೂಲವಾಯಿತು.

ಡಚ್ ಮೇರಿಯ ಎಳೆ ಇಟಲಿಗೆ ಹೋಯಿತು. ಫೆಡೆರಿಕೊ ತೆಸಿಯೊ ಎಂಬ ಪ್ರಸಿದ್ಧ ಇಟಾಲಿಯನ್ ತಳಿಗಾರನು ತನ್ನ ಕುದುರೆಗಳಿಗೆ ಕಲಾವಿದರ ಹೆಸರುಗಳನ್ನಿಡುತ್ತಿದ್ದನು. ಡಚ್ ಮೇರಿಯ ಮಗಳು ಅವನ ಲಾಯದಲ್ಲಿ ದುಚಿಯಾ ದಿ ಬುಒನಿನ್ಸೆನ್ಯಾ ಆಯಿತು. ಸಿಯೆನಾದ ಹಳೆಯ ಚಿತ್ರಕಾರ ದುಚಿಯೊನ ಹೆಸರಿನ ಸ್ತ್ರೀರೂಪವಿದು. ಅದರ ಮಗಳು ದೆಲ್ಲಿಯಾನಾ, ದೆಲ್ಲಿಯಾನಾದ ಮಗ 1934ರಲ್ಲಿ ಹುಟ್ಟಿದ ದೊನಾತೆಲ್ಲೊ. ದೊನಾತೆಲ್ಲೊ ಮುಂದೆ ಇಂಗ್ಲೆಂಡಿನಲ್ಲಿ ಅಲಿಸಿಡಾನ್, ಕ್ರೆಪೆಲ್ಲೊ ಮುಂತಾದ ಕುದುರೆಗಳ ತಂದೆಯಾಯಿತು.

ಮಾಲಿ ಡೆಸ್ಮಂಡ್‌ನ ಎಳೆ ಇನ್ನೂ ವಿಸ್ತಾರವಾದುದು. ಅದರ ಒಂದು ಕವಲು ಮಾಲಿ ಅಡೇರ್, ಬ್ರೇಜನ್ ಮಾಲಿ, ಲಾ ಪೈವಾ ಎಂಬ ಹೆಣ್ಣುಗಳ ಮೂಲಕ 1968ರಲ್ಲಿ ಹುಟ್ಟಿದ ಬ್ರಿಗೇಡಿಯರ್ ಜೆರಾರ್ಡ್ ಎಂಬ ಗಂಡು ಕುದುರೆಗೆ ತಲುಪಿತು. ಅದು ಹದಿನೆಂಟು ಓಟಗಳಲ್ಲಿ ಹದಿನೇಳನ್ನು ಗೆದ್ದಿತು. ಇನ್ನೊಂದು ಕವಲಿನಲ್ಲಿ ಮಾಲಿ ಡೆಸ್ಮಂಡ್‌ನ ಮಗಳು ಸರಿತಾ, ಸರಿತಾಳ ಮಗಳು ಸಿಸ್ಟರ್ ಸಾರಾ. (ಈ ಸರಿತಾ ಎಂಬುದು ನಮ್ಮ ಹೆಸರನ್ನು ಹೋಲುವುದು ಆಕಸ್ಮಿಕವಷ್ಟೆ.) ಸಿಸ್ಟರ್ ಸಾರಾಳ ಹೆಣ್ಣುಮಕ್ಕಳಲ್ಲಿ ಒಂದರಿಂದ 1960ರ ಡರ್ಬಿ ಗೆದ್ದ ಸೇಂಟ್ ಪ್ಯಾಡಿ, ಇನ್ನೊಂದರಿಂದ ಗ್ರಂಡಿ ಮತ್ತು ಶೆರ್ಗಾರ್‌ಗಳ ತಂದೆಯಾದ ಗ್ರೇಟ್ ನೆಫ್ಯೂ ಬಂದವು. ಮತ್ತೊಂದು ಮಗಳು ಲೇಡಿ ಏಂಜೆಲಾ.

ಲೇಡಿ ಏಂಜೆಲಾದ ಕಥೆ ಈ ಪ್ರಬಂಧದ ಕೇಂದ್ರ ಪ್ರಶ್ನೆಗೆ ನೇರವಾಗಿ ಸಂಬಂಧಿಸುತ್ತದೆ. 1952ರ ಡಿಸೆಂಬರಿನಲ್ಲಿ ನ್ಯೂಮಾರ್ಕೆಟಿನ ಮಾರಾಟದಲ್ಲಿ ಕೆನಡಾದ ಉದ್ಯಮಿ ಇ.ಪಿ. ಟೇಲರ್ ಅದನ್ನು ಕೊಂಡನು. ಆಗ ಅದು ನಿಯಾರ್ಕೊ ಎಂಬ ಮಹಾ ಗಂಡು ಕುದುರೆಯಿಂದ ಗರ್ಭಧರಿಸಿತ್ತು. ಈ ನಿಯಾರ್ಕೊ ಕೂಡ ತೆಸಿಯೊನ ಲಾಯದಿಂದ ಬಂದುದು. ಮರಿ ಹುಟ್ಟಿದ ಮೇಲೆ ಮರುವಸಂತದಲ್ಲಿ ಮತ್ತೊಮ್ಮೆ ನಿಯಾರ್ಕೊಗೇ ಕೂಡಿಸಿ ಅನಂತರವೇ ಕಡಲು ದಾಟಿಸಬೇಕೆಂಬ ಷರತ್ತನ್ನು ಟೇಲರ್ ಇಟ್ಟನು. ಹಾಗೆಯೇ ಆಯಿತು. ಆ ಎರಡನೆಯ ಗರ್ಭವನ್ನು ಹೊತ್ತು ಕೆನಡಾ ಸೇರಿದ ಲೇಡಿ ಏಂಜೆಲಾ 1954ರಲ್ಲಿ ನಿಯಾರ್ಕ್ಟಿಕ್ ಎಂಬ ಗಂಡುಮರಿಯನ್ನು ಈದಿತು. ನಿಯಾರ್ಕ್ಟಿಕ್‌ನ ಮಗನೇ 1961ರಲ್ಲಿ ಹುಟ್ಟಿ 1964ರ ಕೆಂಟಕಿ ಡರ್ಬಿ ಗೆದ್ದ ನಾರ್ದರ್ನ್ ಡಾನ್ಸರ್, ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಅತಿ ಪ್ರಭಾವಶಾಲಿ ಬೀಜದ ಕುದುರೆ. ಇಂದು ಜಗತ್ತಿನ ಓಟದ ಬಯಲುಗಳಲ್ಲಿ ಅದರ ರಕ್ತವಿಲ್ಲದ ಕುದುರೆ ಸಿಗುವುದೇ ವಿರಳ.

ವಂಶಗ್ರಂಥದ ಎಣಿಕೆ ಈ ಘಟ್ಟದಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಲೇಡಿ ಏಂಜೆಲಾದ ಮಗನಾದ್ದರಿಂದ ನಿಯಾರ್ಕ್ಟಿಕ್‌ಗೆ ಹದಿನಾಲ್ಕನೆಯ ಕುಟುಂಬದ ಸಂಖ್ಯೆ ಸಲ್ಲುತ್ತದೆ. ನಾರ್ದರ್ನ್ ಡಾನ್ಸರ್‌ಗೆ ಸಲ್ಲುವುದಿಲ್ಲ. ಅದರ ತಾಯಿ ನಟಾಲ್ಮಾ ಬೇರೆ ಕುಟುಂಬದವಳು, ಎರಡನೆಯ ಸಂಖ್ಯೆಯವಳು. ತಾಯಿಯ ಎಣಿಕೆಯಲ್ಲಿ ಪ್ರೆಟಿ ಪಾಲಿಯ ಎಳೆ ನಿಯಾರ್ಕ್ಟಿಕ್‌ನಲ್ಲಿ ನಿಂತುಹೋಗುತ್ತದೆ. ತಂದೆಯ ಎಣಿಕೆಯಲ್ಲಿ ನಾರ್ದರ್ನ್ ಡಾನ್ಸರ್ ನಿಯಾರ್ಕೊನ ಮೊಮ್ಮಗ, ಅದರಿಂದ ಹಿಂದಕ್ಕೆ ಡಾರ್ಲಿ ಅರೇಬಿಯನ್ನಿನ ಸಂತತಿ. ಅಲ್ಲಿಯೂ ಪ್ರೆಟಿ ಪಾಲಿಗೆ ಸ್ಥಳವಿಲ್ಲ. ಅಂದರೆ ಅದರ ರಕ್ತ ಅತ್ಯಂತ ದೂರ ಹರಿದ ದಾರಿಯಲ್ಲಿಯೇ ಅದರ ಹೆಸರನ್ನು ಕಾಣಿಸಬಲ್ಲ ಎಣಿಕೆ ಎರಡು ಪದ್ಧತಿಗಳಲ್ಲಿಯೂ ಇಲ್ಲ. ತಂದೆಯ ತಾಯಿ ಎಂಬ ಸ್ಥಾನ ಎರಡು ಎಳೆಗಳ ನಡುವಿನ ಕುರುಡುಗಲ್ಲಿ. ಮಾನವ ಕುಲಾವಳಿಗಳಲ್ಲಿಯೂ ಇದೇ ಸ್ಥಿತಿ. ತಲೆಮಾರುಗಳನ್ನು ಹಾಡಿ ಹೇಳುವ ಹೆಳವರ ವಂಶಾವಳಿಯಲ್ಲಿ ಗಂಡಿನ ಎಳೆ ಕಾಣುತ್ತದೆ, ಅಳಿಯಸಂತಾನದ ಮನೆಯಲ್ಲಿ ತಾಯಿಯ ಎಳೆ ಕಾಣುತ್ತದೆ, ಎರಡರಲ್ಲಿಯೂ ಅಪ್ಪನ ಅಮ್ಮನ ಮನೆತನಕ್ಕೆ ಸ್ಥಾನ ಕಡಿಮೆ.

ತಳಿವಿಜ್ಞಾನ ಈ ಚರ್ಚೆಗೆ ಹೊಸ ಸಾಕ್ಷ್ಯಗಳನ್ನು ಒದಗಿಸಿದೆ. ಡಬ್ಲಿನ್ನಿನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಇಂದಿನ ಥರೋಬ್ರೆಡ್‌ಗಳ ಗಂಡು ಎಳೆಗಳಲ್ಲಿ ಶೇಕಡಾ 95ರಷ್ಟು ಒಂದೇ ಮೂಲಪುರುಷನಿಗೆ, ಹೆಣ್ಣು ಎಳೆಗಳಲ್ಲಿ ಶೇಕಡಾ 72ರಷ್ಟು ಹತ್ತು ಮೂಲತಾಯಂದಿರಿಗೆ ಸಲ್ಲುತ್ತವೆ. 2002ರಲ್ಲಿ ಅಲ್ಲಿಯದೇ ಇನ್ನೊಂದು ಅಧ್ಯಯನ, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಪರೀಕ್ಷಿಸಿ, ಹಳೆಯ ವಂಶಗ್ರಂಥದ ಕೆಲವು ತಾಯಿವಂಶಗಳು ರಕ್ತದ ಸಾಕ್ಷ್ಯಕ್ಕೆ ಹೊಂದಿಕೆಯಾಗುವುದಿಲ್ಲವೆಂದು ತೋರಿಸಿತು. ಸ್ಯಾಂಡೌನಿನ ತೀರ್ಪುಗಾರನಂತೆ ವೆದರ್ಬಿಯೂ ಕೆಲವೆಡೆ ಕಂಡದ್ದನ್ನಲ್ಲ, ಕೇಳಿದ್ದನ್ನು ಬರೆದಿದ್ದನು. 2012ರಲ್ಲಿ ಕೇಂಬ್ರಿಜ್ ಮತ್ತು ಡಬ್ಲಿನ್ ವಿದ್ವಾಂಸರು ಸೇರಿ ನಡೆಸಿದ ಅಧ್ಯಯನ ಇನ್ನೂ ಕುತೂಹಲಕರ. ಕಡಿಮೆ ದೂರದ ವೇಗಕ್ಕೆ ಕಾರಣವಾದ ಜೀನಿನ ಒಂದು ರೂಪ ಸುಮಾರು ಮುನ್ನೂರು ವರ್ಷಗಳ ಹಿಂದೆ ಬ್ರಿಟನ್ನಿನ ಸ್ಥಳೀಯ ಹೆಣ್ಣುಕುದುರೆಯೊಂದರಿಂದ ಈ ತಳಿಗೆ ಬಂದಿರಬೇಕೆಂದೂ, ಆಧುನಿಕ ಕಾಲದಲ್ಲಿ ಅದು ವ್ಯಾಪಕವಾದುದು ಮುಖ್ಯವಾಗಿ ನಿಯಾರ್ಕ್ಟಿಕ್‌ನ ಮೂಲಕವೆಂದೂ ಅವರು ನಿರೂಪಿಸಿದರು. ಪೂರ್ವದೇಶದ ಗಂಡು ಕುದುರೆಗಳು ತಂದ ವೇಗ ಎಂಬ ಮೂರು ಶತಮಾನಗಳ ಐತಿಹ್ಯದ ಎದುರು ಇಲ್ಲಿ ನಿಲ್ಲುವುದು ಊರಿನ ಹೆಸರಿಲ್ಲದ ಹೆಣ್ಣುಕುದುರೆ.

ಭಾರತಕ್ಕೂ ಈ ರಕ್ತ ಬಂದಿದೆ. ನಾರ್ದರ್ನ್ ಡಾನ್ಸರ್‌ನ ಮಗ, 1987ರಲ್ಲಿ ಹುಟ್ಟಿದ ರಜೀನ್ ಹರಿಯಾಣದ ಉಷಾ ಸ್ಟಡ್ ಫಾರಮ್ಮಿನಲ್ಲಿ ಬೀಜದ ಕುದುರೆಯಾಗಿದ್ದು ದೇಶದ ಓಟದ ತಳಿಯ ಮೇಲೆ ಆಳವಾದ ಪ್ರಭಾವ ಬೀರಿತು. ಅದರ ಸಂತತಿ ಮುಂಬಯಿ, ಬೆಂಗಳೂರು ಮುಂತಾದ ಬಯಲುಗಳಲ್ಲಿ ಓಡಿದೆ. ಆ ಕುದುರೆಗಳ ವಂಶಪತ್ರದಲ್ಲಿ ಸಾಮಾನ್ಯವಾಗಿ ನಾಲ್ಕೋ ಐದೋ ತಲೆಮಾರುಗಳನ್ನು ಅಚ್ಚುಮಾಡುತ್ತಾರೆ. ರಜೀನ್‌ನಿಂದ ಹಿಂದಕ್ಕೆ ಲೇಡಿ ಏಂಜೆಲಾ ಮೂರನೆಯ ತಲೆಮಾರಿನವಳು, ಪ್ರೆಟಿ ಪಾಲಿ ಏಳನೆಯವಳು. ಮುದ್ರಿತ ಪುಟದ ಅಂಚು ಅದಕ್ಕೆ ಮುಂಚೆಯೇ ಮುಗಿಯುತ್ತದೆ.

ಪ್ರೆಟಿ ಪಾಲಿ ಮೂವತ್ತು ವರ್ಷ ಬದುಕಿ 1931ರಲ್ಲಿ ಸತ್ತಿತು. ಅದು ಹುಟ್ಟಿದ ಕರ್ರಾ ಬಯಲಿನಲ್ಲಿ 1948ರಿಂದ ಅದರ ಹೆಸರಿನ ಪಂದ್ಯವೊಂದು ನಡೆಯುತ್ತ ಬಂದಿದೆ. ಗಂಡು ಕುದುರೆಗಳಿಗೆ ಅದರಲ್ಲಿ ಪ್ರವೇಶವಿಲ್ಲ.